ಸ್ಕ್ಯಾನ್ ಮಾಡಿದರೆ ಉಳಿಯಿತೇ? ಪರಂಪರೆಯನ್ನು ಡಿಜಿಟಲ್ ಮಾಡುವ ಕೆಲಸದ ಒಳಹೊರಗು

2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿತ್ತು. 200 ವರ್ಷ ಹಳೆಯ ಸಂಸ್ಥೆ ಅದು. ಸಂಗ್ರಹದಲ್ಲಿ ಸುಮಾರು 2 ಕೋಟಿ ವಸ್ತುಗಳಿದ್ದವು. ಹೆಚ್ಚಿನವು ಒಂದೇ ರಾತ್ರಿಯಲ್ಲಿ ಹೋದವು. ಮಾತಾಡುವವರೇ ಉಳಿಯದ ಕೆಲವು ಬುಡಕಟ್ಟು ಭಾಷೆಗಳ ಧ್ವನಿಮುದ್ರಣಗಳೂ ಅವುಗಳ ಜೊತೆ ಸುಟ್ಟವು. ಆಮೇಲೆ ಅಲ್ಲಿನ ವಿದ್ಯಾರ್ಥಿಗಳ ಒಂದು ಗುಂಪು ಜನರಲ್ಲಿ ಮನವಿ ಮಾಡಿಕೊಂಡಿತು: ಮ್ಯೂಸಿಯಂ ಒಳಗೆ ತೆಗೆದ ಫೋಟೊ, ವಿಡಿಯೊ, ಸೆಲ್ಫಿ ಏನಿದ್ದರೂ ಕಳಿಸಿಕೊಡಿ. ಸಾವಿರಾರು ಬಂದವು.

ಏಳು ತಿಂಗಳ ನಂತರ, 2019ರ ಏಪ್ರಿಲ್ 15ರಂದು, ಪ್ಯಾರಿಸ್‌ನ ನೋಟ್ರ ಡಾಮ್ ಚರ್ಚಿನ ಚಾವಣಿ ಹೊತ್ತಿ ಉರಿಯಿತು. ಇಲ್ಲಿನ ಕಥೆ ಬೇರೆ. ಆಂಡ್ರ್ಯೂ ಟ್ಯಾಲನ್ ಎಂಬ ಅಮೆರಿಕದ ಕಲಾ ಇತಿಹಾಸಕಾರ 2010ರಲ್ಲೇ ಆ ಕಟ್ಟಡವನ್ನು ಒಳಗೂ ಹೊರಗೂ ಲೇಸರ್‌ನಿಂದ ಅಳೆದಿಟ್ಟಿದ್ದರು. ಸುಮಾರು 50 ಕಡೆ ಯಂತ್ರ ಇಟ್ಟು 100 ಕೋಟಿಗೂ ಜಾಸ್ತಿ ಬಿಂದುಗಳನ್ನು ದಾಖಲಿಸಿದ್ದರು. ಬೆಂಕಿ ಬೀಳುವ ಕೆಲವೇ ತಿಂಗಳ ಮುಂಚೆ ಅವರು ತೀರಿಕೊಂಡಿದ್ದರು. ಅವರ ಅಳತೆ ಉಳಿದಿತ್ತು. ಬೇರೆಯವರು ಮಾಡಿದ್ದ ಸ್ಕ್ಯಾನ್‌ಗಳ ಜೊತೆ ಅದೂ ದುರಸ್ತಿಯವರ ಕೈಗೆ ಸಿಕ್ಕಿತು. 2024ರ ಡಿಸೆಂಬರ್‌ನಲ್ಲಿ ಚರ್ಚು ಮತ್ತೆ ಬಾಗಿಲು ತೆರೆಯಿತು.

ಸೆಲ್ಫಿಯೂ ಡಿಜಿಟಲ್, ಲೇಸರ್ ಸ್ಕ್ಯಾನೂ ಡಿಜಿಟಲ್. ಆದರೆ ಸೆಲ್ಫಿ ಹೇಳುವುದು "ಇದು ಇಲ್ಲಿತ್ತು" ಎಂದಷ್ಟೇ. ಗೋಡೆ ಎಷ್ಟು ದಪ್ಪ, ಕಮಾನು ಎಲ್ಲಿ ಬಾಗಿದೆ, ಕಲ್ಲಿಗೂ ಕಲ್ಲಿಗೂ ನಡುವೆ ಎಷ್ಟು ಸಂದು ಎಂದು ಕೇಳಿದರೆ ಅದು ಸುಮ್ಮನಿರುತ್ತದೆ. ಹಾಗಾಗಿ ಯಾರಾದರೂ "ನಾವು ಎಲ್ಲವನ್ನೂ ಡಿಜಿಟಲ್ ಮಾಡಿದ್ದೇವೆ" ಎಂದಾಗ ಎರಡು ಪ್ರಶ್ನೆ ಕೇಳಬೇಕು. ಈ ದಾಖಲೆ ಮುಂದೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ? ಇನ್ನು 20 ವರ್ಷದ ಮೇಲೆ ಈ ಫೈಲ್ ತೆರೆಯುತ್ತದೆಯೇ? ಮೊದಲನೆಯದಕ್ಕೆ ತಂತ್ರಜ್ಞಾನ ಚೆನ್ನಾಗಿಯೇ ಉತ್ತರ ಕೊಡುತ್ತಿದೆ. ಎರಡನೆಯದರಲ್ಲೇ ಹೆಚ್ಚಿನ ಯೋಜನೆಗಳು ಎಡವುತ್ತವೆ.

ಆಕಾರ ಹಿಡಿಯುವುದು

ಲೇಸರ್ ಸ್ಕ್ಯಾನರ್ ಕೆಲಸ ಮಾಡುವ ರೀತಿ ಸರಳ. ಯಂತ್ರ ಒಂದು ಬೆಳಕಿನ ಮಿಡಿತವನ್ನು ಬಿಡುತ್ತದೆ. ಅದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎನ್ನುವುದರಿಂದ ದೂರ ಸಿಗುತ್ತದೆ. ಬೆಳಕು ಸೆಕೆಂಡಿನ 100 ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲೇ ಸುಮಾರು 30 ಸೆಂಟಿಮೀಟರ್ ಓಡಿಬಿಡುತ್ತದೆ. ಮಿಲಿಮೀಟರ್ ಲೆಕ್ಕ ಬೇಕೆಂದರೆ ಗಡಿಯಾರ ಎಷ್ಟು ಚುರುಕಾಗಿರಬೇಕು ಊಹಿಸಿ. ಯಂತ್ರ ಸುತ್ತ ತಿರುಗುತ್ತಾ ಇದನ್ನೇ ಕೋಟಿಗಟ್ಟಲೆ ಸಲ ಮಾಡುತ್ತದೆ. ಕೊನೆಗೆ ಸಿಗುವ ಚುಕ್ಕಿಗಳ ರಾಶಿಗೆ ಪಾಯಿಂಟ್ ಕ್ಲೌಡ್ ಎನ್ನುತ್ತಾರೆ. ಒಂದು ಜಾಗದಿಂದ ಕಾಣದ ಮೂಲೆ ಇನ್ನೊಂದು ಜಾಗದಿಂದ ಕಾಣುತ್ತದೆ. ಟ್ಯಾಲನ್ 50 ಕಡೆ ಯಂತ್ರ ಹೊತ್ತು ತಿರುಗಿದ್ದು ಅದಕ್ಕೇ.

ಈ ಯಂತ್ರ ದುಬಾರಿ. ಆದರೆ ಸಾಮಾನ್ಯ ಕ್ಯಾಮೆರಾದಿಂದಲೂ ಆಕಾರ ಹಿಡಿಯಬಹುದು. ಇದಕ್ಕೆ ಫೋಟೊಗ್ರಾಮೆಟ್ರಿ ಎಂದು ಹೆಸರು. ಒಂದು ಶಿಲ್ಪದ ಸುತ್ತ ನಡೆಯುತ್ತಾ ಹೆಜ್ಜೆಗೊಂದು ಫೋಟೊ ತೆಗೆಯಿರಿ. ಪ್ರತಿ ಫೋಟೊದಲ್ಲೂ ಹಿಂದಿನ ಫೋಟೊದ 60ರಿಂದ 80 ಶೇಕಡಾ ಭಾಗ ಮತ್ತೆ ಕಾಣುತ್ತಿರಬೇಕು. ಆಮೇಲೆ ಸಾಫ್ಟ್‌ವೇರ್ ಆ ಫೋಟೊಗಳಲ್ಲಿ ಒಂದೇ ಗುರುತನ್ನು ಹುಡುಕುತ್ತದೆ. ಮೂಗಿನ ತುದಿಯ ಚಕ್ಕೆ, ಕಿವಿಯ ಬಳಿಯ ಬಿರುಕು, ಕಲ್ಲಿನ ಮೇಲಿನ ಕಲೆ, ಹೀಗೆ. ಒಂದೇ ಬಿರುಕು ಮೂರು ಫೋಟೊದಲ್ಲಿ ಮೂರು ಕಡೆ ಕಂಡರೆ, ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು, ಬಿರುಕು ಎಲ್ಲಿದೆ ಎಂದು ತ್ರಿಕೋನದ ಲೆಕ್ಕದಿಂದ ಗೊತ್ತಾಗುತ್ತದೆ. ಇಂಥ ಲಕ್ಷಾಂತರ ಗುರುತು ಸೇರಿದರೆ ಮೂರು ಆಯಾಮದ ಮಾದರಿ ಸಿದ್ಧ.

ಇದು ಎಲ್ಲಿ ಕೈಕೊಡುತ್ತದೆ ಎಂದು ತಿಳಿದಿದ್ದರೆ ಒಳ್ಳೆಯದು. ಗಾಜು, ನೀರು, ಥಳಥಳ ಹೊಳೆಯುವ ಲೋಹ ಇದರ ಹಿಡಿತಕ್ಕೆ ಸಿಗುವುದಿಲ್ಲ. ನಾವು ಜಾಗ ಬದಲಿಸಿದಂತೆ ಹೊಳಪೂ ಜಾಗ ಬದಲಿಸುತ್ತದೆ, ಸಾಫ್ಟ್‌ವೇರ್ ದಾರಿ ತಪ್ಪುತ್ತದೆ. ಸುಣ್ಣ ಬಳಿದ ಬೋಳು ಗೋಡೆಯಲ್ಲಿ ಹಿಡಿಯಲು ಗುರುತೇ ಇರುವುದಿಲ್ಲ. ಬಿರು ಬಿಸಿಲೂ ಬೇಡ, ಯಾಕೆಂದರೆ ಕಪ್ಪು ನೆರಳು ವಿವರ ನುಂಗುತ್ತದೆ ಮತ್ತು ಕೆಲಸ ಮುಗಿಯುವಷ್ಟರಲ್ಲಿ ಸರಿದಿರುತ್ತದೆ. ಮೋಡ ಮುಸುಕಿದ ದಿನ ಈ ಕೆಲಸಕ್ಕೆ ಹೇಳಿ ಮಾಡಿಸಿದ ದಿನ.

ಇನ್ನೊಂದು ಸಣ್ಣ ವಿಷಯ, ಆದರೆ ಇದನ್ನೇ ಜನ ಜಾಸ್ತಿ ಮರೆಯುತ್ತಾರೆ: ಫೋಟೊದಲ್ಲಿ ಒಂದು ಅಳತೆಪಟ್ಟಿ ಇರಲೇಬೇಕು. ಬರೀ ಫೋಟೊಗಳಿಂದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. 3 ಸೆಂಟಿಮೀಟರ್ ಗೊಂಬೆಯೂ 3 ಮೀಟರ್ ವಿಗ್ರಹವೂ ಕಂಪ್ಯೂಟರ್‌ಗೆ ಒಂದೇ. ಹತ್ತು ರೂಪಾಯಿಯ ಸ್ಕೇಲ್ ಇಡದೆ ಲಕ್ಷಾಂತರ ರೂಪಾಯಿಯ ಕೆಲಸ ಅಳತೆಯಿಲ್ಲದ ಚಿತ್ರವಾಗಿ ಉಳಿಯಬಹುದು. ಪಕ್ಕದಲ್ಲಿ ಒಂದು ಬಣ್ಣದ ಕಾರ್ಡೂ ಇದ್ದರೆ, ಆ ದಿನದ ಬೆಳಕು ಹೇಗೇ ಇರಲಿ, ನಿಜವಾದ ಬಣ್ಣವನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು.

ಅಳತೆ ಎಷ್ಟು ಮುಖ್ಯ ಎಂದು ತೋರಿಸಿದ್ದು ಅಫ್ಘಾನಿಸ್ತಾನದ ಬಾಮಿಯಾನ್ ಬುದ್ಧರು. 2001ರ ಮಾರ್ಚ್‌ನಲ್ಲಿ ತಾಲಿಬಾನ್ ಆ ಎರಡು ದೈತ್ಯ ವಿಗ್ರಹಗಳನ್ನು ಸ್ಫೋಟಿಸಿತು. ಆಮೇಲೆ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ತಂಡ ದೊಡ್ಡ ಬುದ್ಧನನ್ನು ಫೋಟೊಗಳಿಂದ ಕಂಪ್ಯೂಟರ್‌ನಲ್ಲಿ ಮತ್ತೆ ಕಟ್ಟಿತು. ಅವರ ಬಳಿ ಮೂರು ಬಗೆಯ ಫೋಟೊ ಇದ್ದವು: ಇಂಟರ್ನೆಟ್‌ನಲ್ಲಿ ಸಿಕ್ಕವು, ಪ್ರವಾಸಿಯೊಬ್ಬರು ತೆಗೆದವು, ಮತ್ತು ಆಸ್ಟ್ರಿಯಾದ ರಾಬರ್ಟ್ ಕೋಸ್ಟ್ಕಾ 1970ರಲ್ಲಿ ಅಳತೆಗೆಂದೇ ಇರುವ ಕ್ಯಾಮೆರಾದಿಂದ ತೆಗೆದವು. ಮೊದಲೆರಡರಿಂದ ಒರಟು ರೂಪ ಬಂತು. ಕೋಸ್ಟ್ಕಾ ಅವರ ಬೆರಳೆಣಿಕೆಯ ಫೋಟೊಗಳಿಂದ ಬಟ್ಟೆಯ ಮಡಿಕೆಯವರೆಗೂ ಕಾಣುವ ಮಾದರಿ ಬಂತು. 1970ರಲ್ಲಿ ಆ ಫೋಟೊಗಳನ್ನು ಈ ರೀತಿ ಬಳಸಬಲ್ಲ ಸಾಫ್ಟ್‌ವೇರ್ ಇರಲೇ ಇಲ್ಲ ನೋಡಿ. ಅದಕ್ಕೇ ಈ ಕೆಲಸ ಬಲ್ಲವರು ಮಾದರಿ ತಯಾರಾದ ಮೇಲೂ ಮೂಲ ಫೋಟೊಗಳನ್ನು ಅಳಿಸುವುದಿಲ್ಲ. ನಾಳೆಯ ಸಾಫ್ಟ್‌ವೇರ್ ಅವುಗಳಿಂದಲೇ ಇನ್ನೂ ಒಳ್ಳೆಯ ಮಾದರಿ ಕಟ್ಟಬಹುದು.

ಕಣ್ಣಿಗೆ ಕಾಣದ್ದು

ನನಗೆ ಅತಿ ಇಷ್ಟವಾದ ಭಾಗ ಇದು. ಇಲ್ಲಿ ಡಿಜಿಟಲ್ ಪ್ರತಿಯಲ್ಲಿ ಮೂಲ ವಸ್ತುವಿಗಿಂತ ಜಾಸ್ತಿ ಕಾಣುತ್ತದೆ.

ಸವೆದುಹೋದ ಶಾಸನವನ್ನು ಓದುವವರು ಸಂಜೆ ಹೊತ್ತು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯುತ್ತಾರೆ. ಓರೆ ಬೆಳಕಿಗೆ ಸಣ್ಣ ತಗ್ಗೂ ನೆರಳು ಮಾಡುತ್ತದೆ, ಅಕ್ಷರ ಎದ್ದು ಬರುತ್ತದೆ. ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಶನ್ ಇಮೇಜಿಂಗ್) ಎಂಬ ಫೋಟೊ ವಿಧಾನ ಇದನ್ನೇ ಲೆಕ್ಕಕ್ಕೆ ಇಳಿಸಿದೆ. ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು 2001ರಲ್ಲಿ ಇದರ ಮೊದಲ ರೂಪ ಪ್ರಕಟಿಸಿದರು. ಕ್ಯಾಮೆರಾ ಅಲುಗಾಡುವುದಿಲ್ಲ, ವಸ್ತುವೂ ಅಲುಗಾಡುವುದಿಲ್ಲ. ದೀಪವನ್ನು ಮಾತ್ರ ಬೇರೆ ಬೇರೆ ದಿಕ್ಕಿಗೆ ಒಯ್ಯುತ್ತಾ ಹತ್ತಾರು ಫೋಟೊ ತೆಗೆಯುತ್ತಾರೆ. ವಸ್ತುವಿನ ಪಕ್ಕ ಹೊಳೆಯುವ ಒಂದು ಕಪ್ಪು ಗೋಲಿ ಇಡುತ್ತಾರೆ. ಪ್ರತಿ ಫೋಟೊದಲ್ಲೂ ಗೋಲಿಯ ಮೇಲಿನ ಹೊಳಪಿನ ಚುಕ್ಕಿ ಎಲ್ಲಿದೆ ಎಂದು ನೋಡಿದರೆ ಸಾಕು, ದೀಪ ಯಾವ ಕಡೆ ಇತ್ತು ಎಂದು ಕಂಪ್ಯೂಟರ್‌ಗೆ ತಿಳಿಯುತ್ತದೆ. ಆಮೇಲೆ ಪರದೆಯ ಮೇಲೆ ಮೌಸ್ ಎಳೆದಂತೆ ಬೆಳಕಿನ ದಿಕ್ಕು ಬದಲಾಗುತ್ತದೆ. ಬಣ್ಣ ತೆಗೆದು ಬರೀ ಉಬ್ಬುತಗ್ಗನ್ನೇ ತೋರಿಸು ಎಂದರೂ ತೋರಿಸುತ್ತದೆ.

ಗ್ರೀಸ್‌ನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಹಲ್ಲಿನ ಚಕ್ರಗಳಿರುವ ಒಂದು ಯಂತ್ರದ ತುಂಡುಗಳು ಸಿಕ್ಕಿದ್ದವು. ಎರಡು ಸಾವಿರ ವರ್ಷಕ್ಕೂ ಹಳೆಯವು, ಕಿಲುಬು ಹಿಡಿದು ಉಂಡೆಯಾಗಿದ್ದವು. ಬಿಡಿಸಲು ಹೋದರೆ ಪುಡಿಯಾಗುತ್ತವೆ. ಯಂತ್ರವನ್ನು ಅಥೆನ್ಸಿನಿಂದ ಹೊರಗೆ ಒಯ್ಯುವಂತಿರಲಿಲ್ಲ. ಹಾಗಾಗಿ 2005ರಲ್ಲಿ ಸುಮಾರು 8 ಟನ್ ತೂಕದ ಎಕ್ಸ್-ರೇ ಉಪಕರಣವನ್ನೇ ಅಲ್ಲಿನ ಮ್ಯೂಸಿಯಂಗೆ ತಂದರು. ಮೇಲ್ಮೈಗೆ ಮಾಲ್ಜ್‌ಬೆಂಡರ್ ತಂಡದ ದೀಪದ ವಿಧಾನ, ಒಳಭಾಗಕ್ಕೆ ಸಿಟಿ ಸ್ಕ್ಯಾನ್. ಶತಮಾನ ಕಾಲ ಯಾರೂ ಓದಿರದ ಅಕ್ಷರಗಳು ಕಿಲುಬಿನ ಒಳಗಿಂದ ಬಂದವು. ಗ್ರಹಣಗಳನ್ನು ಮುಂಚಿತವಾಗಿ ತಿಳಿಯಲು ಆ ಯಂತ್ರದಲ್ಲಿದ್ದ ಏರ್ಪಾಡು ಅರ್ಥವಾಯಿತು.

ಅದೇ ಸಿಟಿ ಸ್ಕ್ಯಾನ್ ಇನ್ನೂ ವಿಚಿತ್ರವಾದ ಕೆಲಸ ಮಾಡಿದ್ದು ಮೃತ ಸಮುದ್ರದ ದಂಡೆಯ ಐನ್ ಗೆದಿಯಲ್ಲಿ. 1970ರಲ್ಲಿ ಅಲ್ಲಿನ ಸುಟ್ಟ ಪ್ರಾರ್ಥನಾ ಮಂದಿರವೊಂದರಲ್ಲಿ ಕರಕಲಾದ ಚರ್ಮದ ಸುರುಳಿ ಸಿಕ್ಕಿತ್ತು. ಮುಟ್ಟಿದರೆ ಉದುರುತ್ತಿತ್ತು. ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ತಂಡ ಅದರ ಸ್ಕ್ಯಾನ್ ಇಟ್ಟುಕೊಂಡು, ಒಳಗಿನ ಪ್ರತಿ ಸುತ್ತನ್ನೂ ಕಂಪ್ಯೂಟರ್‌ನಲ್ಲಿ ಬೇರ್ಪಡಿಸಿ ಚಪ್ಪಟೆ ಮಾಡಿತು. ಶಾಯಿಯಲ್ಲಿ ಲೋಹದ ಅಂಶ ಇದ್ದಿರಬೇಕು, ಅಕ್ಷರಗಳು ಬಿಳಿಯಾಗಿ ಹೊಳೆದವು. ಅದು ಹೀಬ್ರೂ ಬೈಬಲ್‌ನ ಲೇವಿಯ ಕಾಂಡದ ಆರಂಭ. ಸುರುಳಿಯನ್ನು ಬಿಚ್ಚಲೇ ಇಲ್ಲ, ಓದಿಬಿಟ್ಟರು.

ಹಸ್ತಪ್ರತಿಗಳಲ್ಲಿ ಬಣ್ಣದ ಆಟ ಇನ್ನೊಂದಿದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಆಚೆಗಿನ ಅತಿನೇರಳೆ, ಅವಕೆಂಪು ಕಿರಣಗಳಲ್ಲೂ ಒಂದೊಂದಾಗಿ ಫೋಟೊ ತೆಗೆದರೆ ಅಳಿಸಿದ ಶಾಯಿ ಮತ್ತೆ ಕಾಣಬಹುದು. ಆರ್ಕಿಮಿಡೀಸನ ಬರಹಗಳ 10ನೇ ಶತಮಾನದ ಪ್ರತಿಯೊಂದನ್ನು 13ನೇ ಶತಮಾನದಲ್ಲಿ ಕೆರೆದು, ಅದೇ ಹಾಳೆಗಳ ಮೇಲೆ ಪ್ರಾರ್ಥನೆ ಬರೆದಿದ್ದರು. 20ನೇ ಶತಮಾನದಲ್ಲಿ ಯಾರೋ ಕೆಲವು ಪುಟಗಳ ಮೇಲೆ ಹೊನ್ನಿನ ನಕಲಿ ಚಿತ್ರ ಬೇರೆ ಬಿಡಿಸಿಬಿಟ್ಟರು! ಅಂಥ ಪುಟಗಳಿಗೆ ಬೆಳಕು ಸಾಲದೆ ಕ್ಯಾಲಿಫೋರ್ನಿಯಾದ ಕಣವೇಗವರ್ಧಕದ ಎಕ್ಸ್-ಕಿರಣ ಬೇಕಾಯಿತು. ಹಳೆಯ ಶಾಯಿಯಲ್ಲಿನ ಕಬ್ಬಿಣವನ್ನು ಅದು ಹುಡುಕಿ ತೋರಿಸಿತು.

ದನಿ, ಮತ್ತು ದನಿಯ ಪಕ್ಕದ ಚೀಟಿ

1860ರಲ್ಲಿ ಫ್ರಾನ್ಸ್‌ನ ಎಡ್ವರ್ಡ್ ಲಿಯಾನ್ ಸ್ಕಾಟ್ ದ ಮಾರ್ಟಿನ್‌ವಿಲ್ ಎಂಬಾತ ಮಸಿ ಹಿಡಿಸಿದ ಕಾಗದದ ಮೇಲೆ ಹಾಡಿನ ಕಂಪನವನ್ನು ಗೆರೆಯಾಗಿ ಮೂಡಿಸಿದ್ದ. ಅದನ್ನು ಮತ್ತೆ ಕೇಳಿಸುವ ಉದ್ದೇಶ ಅವನಿಗೆ ಇರಲಿಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಗಳನ್ನು ಸ್ಕ್ಯಾನ್ ಮಾಡಿ ದನಿಯಾಗಿ ತಿರುಗಿಸಿದರು. ಒಂದು ಹುಡುಗಿ ಹಾಡಿದಂತೆ ಕೇಳಿಸಿತು. ಜಗತ್ತೆಲ್ಲ ಸುದ್ದಿಯಾಯಿತು. ಮರುವರ್ಷ ಗೊತ್ತಾಯಿತು, ಎರಡು ಪಟ್ಟು ವೇಗದಲ್ಲಿ ಓಡಿಸಿದ್ದರು. ಸರಿಯಾದ ವೇಗದಲ್ಲಿ ಅದು ಒಬ್ಬ ಗಂಡಸಿನ ನಿಧಾನವಾದ ದನಿ, ಬಹುಶಃ ಸ್ಕಾಟ್‌ನದೇ.

ಎಡವಟ್ಟು ಎಲ್ಲಾಯಿತು? ಹಾಡಿನ ಗೆರೆಯ ಪಕ್ಕದಲ್ಲೇ ಸ್ಕಾಟ್ ಶ್ರುತಿಕವೆಯ, ಅಂದರೆ ಬಡಿದರೆ ಸದಾ ಒಂದೇ ವೇಗದಲ್ಲಿ ಕಂಪಿಸುವ ಲೋಹದ ಕವಲಿನ, ಕಂಪನವನ್ನೂ ದಾಖಲಿಸಿದ್ದ. ವೇಗ ಕಂಡುಹಿಡಿಯಲು ಅದೇ ದಾರಿ. ಆದರೆ ಕಂಪನ ಎಣಿಸುವ ಆಗಿನ ಪದ್ಧತಿ ಬೇರೆ. ಅತ್ತ ಹೋಗಿದ್ದು ಒಂದು, ಇತ್ತ ಬಂದಿದ್ದು ಇನ್ನೊಂದು ಎಂದು ಎಣಿಸುತ್ತಿದ್ದರು. ಇಂದಿನವರು ಎರಡನ್ನೂ ಸೇರಿಸಿ ಒಂದು ಎನ್ನುತ್ತಾರೆ. ಹಾಗಾಗಿ ಲೆಕ್ಕ ಸರಿಯಾಗಿ ಇಮ್ಮಡಿಯಾಯಿತು. ಶ್ರುತಿಕವೆಯ ಗೆರೆ ಇದ್ದದ್ದಕ್ಕೆ ತಪ್ಪು ತಿದ್ದಲಾಯಿತು. ಅದೂ ಇಲ್ಲದಿದ್ದರೆ ಸರಿಯಾದ ವೇಗ ಹೇಳಲು ಯಾವ ಆಧಾರವೂ ಇರುತ್ತಿರಲಿಲ್ಲ.

ಮೆಟಾಡೇಟಾ ಎಂದರೆ ಇದೇ. ದಾಖಲೆಯ ಬಗ್ಗೆ ಇರುವ ದಾಖಲೆ. ಯಾರು, ಎಲ್ಲಿ, ಯಾವಾಗ, ಯಾವ ಉಪಕರಣದಿಂದ, ಯಾವ ಅಳತೆಯಲ್ಲಿ, ಯಾರ ಒಪ್ಪಿಗೆಯಿಂದ. ಬೇಸರದ ಕೆಲಸ, ಒಪ್ಪೋಣ. 500 ಹಾಡುಗಳನ್ನು ಅದ್ಭುತವಾಗಿ ರೆಕಾರ್ಡ್ ಮಾಡಿ, ಫೈಲ್‌ಗಳಿಗೆ "ಹೊಸದು 1", "ಹೊಸದು ಕೊನೆಯದು 2" ಎಂದು ಹೆಸರಿಟ್ಟರೆ ಹತ್ತು ವರ್ಷದ ಮೇಲೆ ಅದು ಯಾರ ಹಾಡು, ಯಾವ ಸಂದರ್ಭದ್ದು ಎಂದು ಹೇಳುವವರೇ ಇರುವುದಿಲ್ಲ. ಕುಣಿತ, ಹಾಡು, ಕೈಕಸುಬಿನಂಥವುಗಳಲ್ಲಿ ಇದು ಇನ್ನೂ ಕಷ್ಟ. ಮಡಕೆಯನ್ನು ಸ್ಕ್ಯಾನ್ ಮಾಡಬಹುದು. ಮಣ್ಣು ಹದಕ್ಕೆ ಬಂತೆಂದು ಕೈಗೆ ಹೇಗೆ ಗೊತ್ತಾಗುತ್ತದೆ ಎನ್ನುವುದನ್ನು ಕುಂಬಾರನ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು.

ಇಟ್ಟುಕೊಳ್ಳುವುದು

1086ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ತನ್ನ ನಾಡಿನ ಆಸ್ತಿಪಾಸ್ತಿಯ ಲೆಕ್ಕ ಬರೆಸಿದ. ಚರ್ಮದ ಹಾಳೆಯ ಮೇಲೆ ಬರೆದ ಆ ಡೂಮ್ಸ್‌ಡೇ ಪುಸ್ತಕ ಇಂದಿಗೂ ಓದಲು ಸಿಗುತ್ತದೆ. ಅದಕ್ಕೆ 900 ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿಬಿಸಿ ಹೊಸ ದಾಖಲೆ ಮಾಡಿತು. ಶಾಲಾ ಮಕ್ಕಳೂ ಸೇರಿ 10 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಮ್ಮ ಊರಿನ ಬಗ್ಗೆ ಬರೆದರು, ಫೋಟೊ ಕೊಟ್ಟರು. ಎಲ್ಲವನ್ನೂ ಲೇಸರ್ ಡಿಸ್ಕ್‌ಗೆ ತುಂಬಿದರು. ಹದಿನೈದೇ ವರ್ಷದಲ್ಲಿ ಆ ಡಿಸ್ಕ್ ಓದುವ ಯಂತ್ರಗಳೇ ಅಪರೂಪವಾದವು. ಹಳೆ ಯಂತ್ರದಂತೆ ನಟಿಸುವ ಸಾಫ್ಟ್‌ವೇರ್ ಬರೆದು, ಹರಸಾಹಸಪಟ್ಟು ಅದನ್ನು ಉಳಿಸಿಕೊಳ್ಳಬೇಕಾಯಿತು.

ಕನ್ನಡದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಬೇರೆ ಬೇರೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಈಗ ತೆರೆದರೆ ಪರದೆ ತುಂಬ ಚಿಹ್ನೆಗಳ ಕಲಸುಮೇಲೋಗರ. ಫೈಲ್ ಇದೆ, ಓದಲಾಗುವುದಿಲ್ಲ.

ಕಲ್ಲು, ತಾಳೆಗರಿ, ಚರ್ಮದ ಹಾಳೆಗಳಿಗೆ ಒಂದು ಗುಣ ಇದೆ. ನೂರು ವರ್ಷ ಯಾರೂ ನೋಡದಿದ್ದರೂ ಅದೃಷ್ಟ ಇದ್ದರೆ ಉಳಿಯುತ್ತವೆ. ಡಿಜಿಟಲ್ ಫೈಲ್ ಹಾಗಲ್ಲ. ಅದು ಹಾಲಿಗೆ ಹೆಪ್ಪು ಹಾಕಿದ ಹಾಗೆ: ಇವತ್ತಿನದರಿಂದ ನಾಳೆಗೆ, ನಾಳೆಯದರಿಂದ ನಾಡಿದ್ದಿಗೆ ದಾಟಿಸುತ್ತಲೇ ಇರಬೇಕು. ಹಾರ್ಡ್ ಡಿಸ್ಕ್ ಕೆಲವೇ ವರ್ಷಗಳಲ್ಲಿ ಕೆಡಬಹುದು. ಕೆಡದಿದ್ದರೂ ಅದರಲ್ಲಿನ ಒಂದೆರಡು ಬಿಟ್ (ಫೈಲ್ ಬರೆಯಲು ಬಳಸುವ 0 ಅಥವಾ 1) ತಾವಾಗಿ ತಿರುವುಮುರುವಾಗಬಹುದು, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಅದನ್ನು ಪತ್ತೆ ಮಾಡಲು ಚೆಕ್‌ಸಮ್ ಇದೆ. ಫೈಲ್ ಎಷ್ಟೇ ದೊಡ್ಡದಿರಲಿ, ಅದರ ಒಂದೊಂದು ಬಿಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಂಪ್ಯೂಟರ್ ಒಂದು ಚಿಕ್ಕ ಸಂಕೇತ ಕೊಡುತ್ತದೆ. ಶಾ-256 ಎಂಬ ಪದ್ಧತಿಯಲ್ಲಿ ಅದು 64 ಅಕ್ಷರ-ಅಂಕಿಗಳ ಸಾಲು. ಫೈಲ್‌ನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಮೊದಲ ದಿನದ ಸಾಲನ್ನು ಬರೆದಿಡಿ, ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಿ ತಾಳೆ ನೋಡಿ. ತಾಳೆಯಾಗದಿದ್ದರೆ ಕೆಟ್ಟ ಪ್ರತಿ ಎಸೆದು ಒಳ್ಳೆಯ ಪ್ರತಿಯಿಂದ ಹೊಸದು ಮಾಡಿಕೊಳ್ಳಿ. ಒಳ್ಳೆಯ ಪ್ರತಿ ಇನ್ನೊಂದು ಕಡೆ ಇರಬೇಕು, ಅಲ್ವಾ? ಅದಕ್ಕೇ 3-2-1 ಎಂಬ ರೂಢಿ: 3 ಪ್ರತಿ, 2 ಬಗೆಯ ಸಾಧನ, ಅದರಲ್ಲಿ 1 ಬೇರೆ ಊರಿನಲ್ಲಿ.

ಫೈಲ್ ಯಾವ ಬಗೆಯದು ಎನ್ನುವುದೂ ಮುಖ್ಯ. ಮೂಲಪ್ರತಿಯಾಗಿ ಚಿತ್ರಕ್ಕೆ ಟಿಫ್, ದನಿಗೆ ವೇವ್ ಇಡುತ್ತಾರೆ. ಜೆಪೆಗ್, ಎಂಪಿ3 ಗಾತ್ರ ಕುಗ್ಗಿಸಲು ವಿವರವನ್ನು ಬಿಸಾಡುತ್ತವೆ. ಅವು ಹಂಚಲು ಸರಿ, ಇಟ್ಟುಕೊಳ್ಳಲು ಅಲ್ಲ. ಒಂದೇ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮಾತ್ರ ತೆರೆಯುವ ಫೈಲನ್ನು ಮೂಲಪ್ರತಿ ಎಂದು ನಂಬಲೇಬೇಡಿ. ಕಂಪನಿ ಮುಚ್ಚಿದ ದಿನ ನಿಮ್ಮ ಸಂಗ್ರಹವೂ ಮುಚ್ಚುತ್ತದೆ.

ದೊಡ್ಡವರೂ ಇದಕ್ಕೆ ಹೊರತಲ್ಲ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಯಿತು. ಡಿಜಿಟಲ್ ಸಂಗ್ರಹದ ಸುರಕ್ಷಿತ ಪ್ರತಿಗಳು ಅವರ ಬಳಿ ಇದ್ದವು. ಆದರೆ ಸ್ಕ್ಯಾನ್ ಮಾಡಿದ ಹಸ್ತಪ್ರತಿಗಳು ಓದುಗರಿಗೆ ತಿಂಗಳುಗಟ್ಟಲೆ ಸಿಗಲಿಲ್ಲ. ಪ್ರತಿ ಉಳಿಯುವುದು ಒಂದು, ಕೈಗೆ ಸಿಗುವುದು ಇನ್ನೊಂದು. ಇಷ್ಟೆಲ್ಲ ಇದ್ದರೂ ಹಣ ಹೋಗುವುದು ಮಾತ್ರ ಕನ್ನಡಕ ಹಾಕಿಕೊಂಡು ನೋಡುವ ವಿಆರ್ ಪ್ರದರ್ಶನಕ್ಕೆ, ಉದ್ಘಾಟನೆಗೆ. ಆರನೇ ವರ್ಷ ಹಾರ್ಡ್ ಡಿಸ್ಕ್ ಬದಲಿಸಲು ದುಡ್ಡು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ ಎನ್ನುವುದು ನನ್ನ ತಕರಾರು.

ಯಾರದ್ದು, ಎಷ್ಟು ನಿಜ

ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದೇ ಒಳ್ಳೆಯದು ಎಂದುಕೊಳ್ಳುತ್ತೇವೆ. ಆಸ್ಟ್ರೇಲಿಯಾದ ವಾರುಮುಂಗು ಸಮುದಾಯ ಹಾಗೆ ಯೋಚಿಸುವುದಿಲ್ಲ. ತೀರಿಕೊಂಡವರ ಚಿತ್ರ ಯಾರು ನೋಡಬಹುದು, ಯಾವ ಆಚರಣೆ ಯಾರಿಗೆ ಮಾತ್ರ ತಿಳಿದಿರಬೇಕು ಎಂಬ ಕಟ್ಟಳೆಗಳು ಅವರಲ್ಲಿವೆ. ಅವರ ಜೊತೆ ಕೂತು ಕಟ್ಟಿದ ಮುಕುರ್ತು ಎಂಬ ಸಾಫ್ಟ್‌ವೇರ್ ಆ ಕಟ್ಟಳೆಗಳನ್ನೇ ಪಾಲಿಸುತ್ತದೆ. ಯಾರಿಗೆ ಏನು ಕಾಣಬೇಕೆಂದು ಸಮುದಾಯವೇ ನಿರ್ಧರಿಸುತ್ತದೆ. ಈಗ ಬೇರೆ ದೇಶದವರೂ ಅದನ್ನು ಬಳಸುತ್ತಾರೆ.

ಹಾಗೆಯೇ, ಬಿದ್ದ ಕಟ್ಟಡವನ್ನು ಪರದೆಯಲ್ಲಿ ಎಬ್ಬಿಸಿ ನಿಲ್ಲಿಸುವಾಗ ಯಾವ ಭಾಗ ಅಳತೆಯಿಂದ ಬಂದದ್ದು, ಯಾವುದು ಊಹೆ ಎಂದು ಬೇರೆ ಬಣ್ಣದಲ್ಲಾದರೂ ತೋರಿಸಬೇಕು. ತೋರಿಸದಿದ್ದರೆ ಊಹೆಯೇ ಇತಿಹಾಸವಾಗುತ್ತದೆ. ಖಾಲಿ ಜಾಗವನ್ನು ಎಐ ಇಷ್ಟು ನಯವಾಗಿ ತುಂಬುವ ಈ ಕಾಲದಲ್ಲಿ ಇದು ಇನ್ನೂ ಬೇಕು.

ಮೊದಲು ಯಾವುದನ್ನು ಮಾಡಬೇಕು? ಹೆಚ್ಚಿನವರು ಚೆಂದದ ಕಟ್ಟಡದಿಂದ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಟೇಪ್‌ಗಳು ಮೊದಲು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು, 2025ರೊಳಗೆ ಡಿಜಿಟಲ್ ಆಗದ ಮ್ಯಾಗ್ನೆಟಿಕ್ ಟೇಪ್‌ಗಳು ಬಹುಪಾಲು ಕೈತಪ್ಪುತ್ತವೆ ಎಂದು. ಟೇಪ್ ಹಾಳಾಗುವುದು ಒಂದು ಕಾರಣ. ಅದನ್ನು ಓಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಇಲ್ಲವಾಗುತ್ತಿರುವುದು ಇನ್ನೊಂದು. ಆ ಗಡುವು ಮುಗಿದೇ ಹೋಗಿದೆ. ಹಾಗೆಂದು ಕೈಚೆಲ್ಲಬೇಕಿಲ್ಲ, ಇನ್ನೂ ಓಡುವ ಟೇಪ್‌ಗಳು ಬೇಕಾದಷ್ಟಿವೆ. ನಿಮ್ಮ ಹತ್ತಿರ ಹಳೆ ಕ್ಯಾಸೆಟ್ ಇದ್ದರೆ ವೇವ್ ಫೈಲಾಗಿ ಇಳಿಸಿಕೊಳ್ಳಿ. ಆಮೇಲೆ ಮನೆಯ ಹಿರಿಯರನ್ನು ಕೂರಿಸಿ ಕೇಳಿಸಿ, ಯಾವ ದನಿ ಯಾರದ್ದು, ಎಲ್ಲಿ, ಯಾವ ಸಂದರ್ಭ ಎಂದು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದು ಅದೇ ಫೋಲ್ಡರ್‌ನಲ್ಲಿ ಇಡಿ. ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿ.